ಒಲವಿನ ಕವಿತೆ, ಬವಣೆಯ ಬದುಕು
(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ತುಂಗಭದ್ರೆಯ ದಂಡೆಯ ನಾಗಲದಿನ್ನೆಯಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಬಾಳಿದೆ. ಈ ಸಂತಸದ ದಿನ ವರಕವಿ ದ. ರಾ. ಬೇಂದ್ರೆಯವರ ಒಲವಿನ ಕವಿತೆಗಳನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಅದಕ್ಕೆ ಕಾರಣ ಪಾಲಕರು ನಮ್ಮನ್ನು ಆಗಾಗ ಕೇಳುವ ಒಂದು ಪ್ರಶ್ನೆ. ಮಳೆ ಕೈಕೊಟ್ಟ ವರ್ಷ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುವ ಮನೆಗಳ ಮಕ್ಕಳಿಗೆ ಪ್ರೇಮಕವಿತೆಯಿಂದ ಆಗುವ ಪ್ರಯೋಜನವೇನು? ಪ್ರಶ್ನೆ ನ್ಯಾಯವಾದುದೇ. ಒಲವಿನ ಮಾತು ಹೊಟ್ಟೆ ತುಂಬಿದವರ ವಿನೋದವೆಂಬ ಭಾವನೆ ಅದರ ಹಿಂದಿದೆ. ಬೇಂದ್ರೆಯವರ ಬಾಳು ಆ ಭಾವನೆಯನ್ನು ಸುಳ್ಳಾಗಿಸುತ್ತದೆ.

1896ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾಯಿಯ ಹೆಸರನ್ನು ಹೊತ್ತು 'ಅಂಬಿಕಾತನಯದತ್ತ' ಎಂಬ ಕಾವ್ಯನಾಮದಿಂದ ಬರೆದರು. ವೃತ್ತಿಯಿಂದ ಅವರು ನಮ್ಮಂತೆಯೇ ಶಿಕ್ಷಕರು. 'ನರಬಲಿ' ಎಂಬ ಕವಿತೆಗಾಗಿ ಬ್ರಿಟಿಷ್ ಸರಕಾರ ಅವರನ್ನು ಹಿಂಡಲಗಾ ಸೆರೆಮನೆಗೆ ಕಳುಹಿಸಿತು. ಆಮೇಲೆ ಮುಗದದಲ್ಲಿ ನಿರ್ಬಂಧದಲ್ಲಿರಿಸಿತು. ಬಿಡುಗಡೆಯ ಬಳಿಕ ಸ್ಥಿರವಾದ ಉದ್ಯೋಗವಿಲ್ಲದೆ ಸಂಸಾರ ತೂಗಿಸಬೇಕಾಯಿತು. ಇವೆಲ್ಲಕ್ಕಿಂತ ದಾರುಣವಾದುದು ಪುತ್ರಶೋಕ. ಅದು ಅವರ ಮನೆಗೆ ಒಮ್ಮೆ ಬಂದು ಹೋಗಲಿಲ್ಲ. ಮತ್ತೆ ಮತ್ತೆ ಬಂದಿತು.

ಇಲ್ಲಿಯೇ ನಾವು ಗಮನಿಸಬೇಕಾದ ಸಂಗತಿಯಿದೆ. ಮಗುವನ್ನು ಕಳೆದುಕೊಂಡ ತಾಯಿ ಗಂಡನನ್ನು ನೋಡಿದ ಆ ನೋಟ ಅವರ ಒಂದು ಕವಿತೆಯಾಯಿತು. ಅದು ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಅದರ ಸಂದರ್ಭವನ್ನರಿಯದೆ ಪ್ರೇಮಗೀತೆಯೆಂದು ಹಾಡುವವರೂ ಇದ್ದಾರೆ. ಅವರದು ಪೂರ್ತಿ ತಪ್ಪೆನ್ನಲಾಗದು. ಆ ಗಂಡ ಹೆಂಡತಿಗೆ ಉಪದೇಶ ಹೇಳುವುದಿಲ್ಲ. ವೇದಾಂತದ ಸಮಾಧಾನ ನೀಡುವುದಿಲ್ಲ. ಆ ನೋಟವನ್ನು ತಾಳಲಾರದೆ ತಾನೂ ಕರಗುತ್ತಾನೆ. ಆಕೆ ತಡೆಹಿಡಿದ ಅಳುವನ್ನು ಅವನು ಬಲ್ಲ. ದುಃಖವನ್ನು ಇಬ್ಬರೂ ಹೊರುವುದೇ ಒಲವೆಂದಾದರೆ, ಇದಕ್ಕಿಂತ ದೊಡ್ಡ ಪ್ರೇಮಕವಿತೆ ಎಲ್ಲಿದೆ?

1937ರಲ್ಲಿ ಪ್ರಕಟವಾದ 'ಸಖೀಗೀತ' ತಮ್ಮ ದಾಂಪತ್ಯದ ಸುಖದುಃಖಗಳನ್ನೇ ವಸ್ತುವಾಗಿಸಿಕೊಂಡ ಕಾವ್ಯ. ಹೆಸರನ್ನೇ ನೋಡಿ: ಅಲ್ಲಿ ಹೆಂಡತಿ ಸಖಿ, ಬಾಳಿನ ಜೊತೆಗಾತಿ. ಬೇಂದ್ರೆಯವರ ಶೃಂಗಾರ ಅಂಗಳ, ಅಡುಗೆಮನೆ, ತೊಟ್ಟಿಲುಗಳನ್ನು ಬಿಟ್ಟು ದೂರ ಹೋಗಲಿಲ್ಲ. ಆದುದರಿಂದಲೇ ಅದು ಹಳತಾಗಿಲ್ಲ. 'ನಾಕುತಂತಿ' 1964ರಲ್ಲಿ ಹೊರಬಂದಾಗ ಅವರಿಗೆ ವಯಸ್ಸು ಅರವತ್ತೆಂಟು. ಅದಕ್ಕೆ 1973ರ ಜ್ಞಾನಪೀಠ ಪ್ರಶಸ್ತಿ ಸಂದಿತು. 1981ರಲ್ಲಿ ಅವರು ತೀರಿಕೊಂಡರು. ಅಷ್ಟು ದೀರ್ಘಕಾಲ ಒಲವಿನ ಸೆಲೆ ಬತ್ತಲಿಲ್ಲ.

ಗಡಿಯ ಜನರಾದ ನಮಗೆ ಅವರು ಇನ್ನೊಂದು ಕಾರಣಕ್ಕೂ ಹತ್ತಿರದವರು. ಅವರ ಮನೆಮಾತು ಮರಾಠಿ. ಕನ್ನಡ ಮರಾಠಿಗಳೆರಡೂ ಬಾಳುವ ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಅವರು ಕನ್ನಡ ಕಲಿಸಿದರು. ಮನೆಮಾತನ್ನು ಗೌರವಿಸುತ್ತಲೇ ಧಾರವಾಡದ ಆಡುನುಡಿಯನ್ನು ಕಾವ್ಯದ ನುಡಿಯಾಗಿಸಿದರು. ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಕೀಳರಿಮೆ ಪಡಬೇಕಾಗಿಲ್ಲ. ಎರಡು ನುಡಿಗಳ ನಡುವೆ ಬೆಳೆಯುವುದು ಕೊರತೆಯಲ್ಲ.

ಪಾಲಕರೇ, ಕವಿತೆ ಬರವನ್ನು ನೀಗಿಸದು, ಸಾಲ ತೀರಿಸದು. ಆದರೆ ಕಷ್ಟ ಬಂದಾಗ ಮನೆಯವರು ಒಬ್ಬರ ಮೇಲೊಬ್ಬರು ಹರಿಹಾಯದೆ, ಒಬ್ಬರ ಮುಖವನ್ನೊಬ್ಬರು ಅರಿಯುವ ಕಣ್ಣನ್ನು ಅದು ಕೊಡಬಲ್ಲದು. ಆ ಕಣ್ಣು ಎಲ್ಲರಿಗಿಂತ ಹೆಚ್ಚು ಬೇಕಾದುದು ಕಷ್ಟದ ಮನೆಗಳ ಮಕ್ಕಳಿಗೇ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಗುಳೆ ಹೋಗುವಾಗ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಹೋಗಿ, ಶಾಲೆ ಬಿಡಿಸಬೇಡಿ. ನೀವು ಮರಳಿ ಬಂದ ದಿನ, ಕಲಿತ ಪದ್ಯವೊಂದನ್ನು ಅವರ ಬಾಯಿಂದ ಓದಿಸಿ ಕೇಳಿ. ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಕವನಸಂಗ್ರಹಗಳಲ್ಲಿ ಒಂದೊಂದನ್ನು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಕಲಿಸುವ ಹೊಣೆ ನಮ್ಮದು.