ಎರಡು ಸಲ ಸೋತವರಷ್ಟೇ ಮನೆಗೆ

ಅಮೆರಿಕದ ಕಾಲೇಜು ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪ್ರತಿವರ್ಷ ಮೇ ತಿಂಗಳ ನಡುವಿನಲ್ಲಿ ಶುರುವಾಗಿ ಜೂನ್ ತಿಂಗಳ ಮೊದಲ ದಿನಗಳಲ್ಲಿ ಮುಗಿಯುತ್ತದೆ. ಕಣಕ್ಕಿಳಿಯುವುದು 64 ತಂಡ. ಅವುಗಳಲ್ಲಿ ಉಳಿದ ಎಂಟು ತಂಡಗಳು ಓಕ್ಲಹೋಮ ಸಿಟಿಯಲ್ಲಿ ಸೇರಿ ಆಡುವ ಕೊನೆಯ ಹಂತಕ್ಕೆ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್ ಎಂದು ಹೆಸರು. 2025ರಲ್ಲಿ ಫೈನಲ್ ಸರಣಿಯ ಪಂದ್ಯಗಳನ್ನು ಟಿವಿಯಲ್ಲಿ ಸರಾಸರಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕಾಲೇಜು ಹುಡುಗಿಯರ ಒಂದು ಪಂದ್ಯಕ್ಕೆ ಇಷ್ಟು ಜನ ಕೂರುವಂತಾದದ್ದು ತಾನಾಗಿ ಆದದ್ದಲ್ಲ. ಅದರ ಹಿಂದೆ ಒಂದು ಕಾನೂನಿದೆ, ಒಂದು ಜಗಳವಿದೆ, ಜೊತೆಗೆ ಪಂದ್ಯಾವಳಿಯನ್ನು ಕಟ್ಟಿದ ಜಾಣ್ಮೆಯೂ ಇದೆ.

ಮೊದಲು ಆಟ. ಕ್ರಿಕೆಟ್ ಬಲ್ಲವರಿಗೆ ಇದು ಕಷ್ಟವಲ್ಲ. ಮೈದಾನದಲ್ಲಿ ಫೀಲ್ಡಿಂಗ್‌ಗೆ ನಿಲ್ಲುವವರು ಒಂಬತ್ತು ಮಂದಿ. ಎರಡು ವಿಕೆಟ್‌ಗಳ ನಡುವೆ ಓಡುವ ಬದಲು ಇಲ್ಲಿ ಚೌಕದ ನಾಲ್ಕು ಮೂಲೆ ಸುತ್ತಿ ಬರಬೇಕು. ಹೊರಟ ಮೂಲೆ ಹೋಮ್ ಪ್ಲೇಟ್, ಉಳಿದ ಮೂರು ಬೇಸ್‌ಗಳು. ಒಂದು ಮೂಲೆಗೂ ಇನ್ನೊಂದಕ್ಕೂ 60 ಅಡಿ ದೂರ. ಸುತ್ತು ಮುಗಿಸಿ ಹೋಮ್ ಮುಟ್ಟಿದರೆ ಒಂದು ರನ್. ಒಂದೇ ಏಟಿಗೆ ಸುತ್ತಿ ಬರಬೇಕೆಂದಿಲ್ಲ. ದಾರಿಯ ಬೇಸ್‌ನಲ್ಲಿ ನಿಂತು, ಮುಂದಿನವಳು ಹೊಡೆದಾಗ ಓಟ ಮುಂದುವರಿಸಬಹುದು. ಮೂವರು ಔಟಾದರೆ ಸರದಿ ಎದುರಾಳಿಗೆ. ಎರಡೂ ಕಡೆಯವರ ಸರದಿ ಮುಗಿದರೆ ಒಂದು ಇನಿಂಗ್ಸ್. ಏಳು ಇನಿಂಗ್ಸ್‌ಗೆ ಪಂದ್ಯ ಮುಗಿಯುತ್ತದೆ.

ಆಟದ ಜೀವವೆಲ್ಲ ಚೆಂಡೆಸೆಯುವ ಪಿಚರ್ ಕೈಯಲ್ಲಿದೆ. ಚೆಂಡಿನ ಸುತ್ತಳತೆ 12 ಅಂಗುಲ. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ಹೆಸರಿಗೆ ಸಾಫ್ಟ್, ಬಡಿದರೆ ಮೂಳೆ ಮುರಿಯುತ್ತದೆ. ಪಿಚರ್ ತೋಳನ್ನು ಪೂರ್ತಿ ಒಂದು ಸುತ್ತು ಬೀಸಿ, ಸೊಂಟದ ಪಕ್ಕದಿಂದ ಕೆಳಗೈಯಲ್ಲಿ ಚೆಂಡು ಬಿಡುತ್ತಾಳೆ. ಕೆಳಗೈ ಎಸೆತ ಎಂದರೆ ಮಕ್ಕಳಾಟವೆಂದು ಕ್ರಿಕೆಟ್ ನೋಡಿದವರಿಗೆ ಅನ್ನಿಸೀತು. ಆದರೆ ಕಾಲೇಜಿನ ಒಳ್ಳೆಯ ಪಿಚರ್ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಾಳೆ. 2025ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಕಾರ್ಲಿನ್ ಪಿಕನ್ಸ್ 127 ಕಿಲೋಮೀಟರ್ ಮುಟ್ಟಿದಳು. ಪಿಚರ್‌ಗೂ ಬ್ಯಾಟರ್‌ಗೂ ನಡುವೆ ಇರುವುದು 43 ಅಡಿ, ಅಂದರೆ ಸುಮಾರು 13 ಮೀಟರ್. ಚೆಂಡು ಕಣ್ಣಿಗೆ ಬಿದ್ದು, ಹೊಡೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಿ, ಬ್ಯಾಟ್ ಬೀಸಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಚೆಂಡು ನೆಲಕ್ಕೆ ಬಡಿದು ಏಳದೆ ನೇರವಾಗಿ ಬರುತ್ತದೆ, ನಿಜ. ಆದರೆ ಗಾಳಿಯಲ್ಲೇ ಏರುವಂತೆ ಕಾಣುವ, ಕುಸಿಯುವ, ಪಕ್ಕಕ್ಕೆ ಹೊರಳುವ ಎಸೆತಗಳಿವೆ. ಹಾಗಾಗಿ 1-0, 2-1ರಂಥ ಫಲಿತಾಂಶಗಳಿಗೆ ಇಲ್ಲಿ ಯಾರೂ ಬೆರಗಾಗುವುದಿಲ್ಲ.

ಆಟ ಹುಟ್ಟಿದ್ದು 1887ರ ನವೆಂಬರಿನಲ್ಲಿ, ಷಿಕಾಗೊ ನಗರದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ. ಬಾಕ್ಸಿಂಗ್ ಗ್ಲೌಸನ್ನು ದಾರದಿಂದ ಬಿಗಿದು ಚೆಂಡು ಮಾಡಿ, ಕೋಲಿನಲ್ಲಿ ಹೊಡೆದು ಆಡಿದರು. ಚಳಿಗಾಲದಲ್ಲಿ ಬೇಸ್‌ಬಾಲ್ ಆಡಲಾಗದ ಗಂಡಸರು ಹೊತ್ತು ಕಳೆಯಲು ಕಂಡುಕೊಂಡ ದಾರಿ ಅದು. ಹೊರಗಿನ ಮೈದಾನಕ್ಕೆ ಬಂದು, ನಿಯಮಗಳು ಗಟ್ಟಿಯಾಗುತ್ತಾ ಹೋದಂತೆ ಇದು ಶಾಲೆ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಆಟವಾಗಿ ನೆಲೆನಿಂತಿತು.

ಕಾಲೇಜು ಮಹಿಳೆಯರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1969ರಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ ನಡೆಯಿತು. ಗೆದ್ದದ್ದು ದೊಡ್ಡ ವಿಶ್ವವಿದ್ಯಾಲಯವಲ್ಲ. ಅದೇ ರಾಜ್ಯದ ವಾಹೂ ಎಂಬ ಪುಟ್ಟ ಊರಿನ ಜಾನ್ ಎಫ್. ಕೆನಡಿ ಕಾಲೇಜು. 1970ರಲ್ಲೂ 1971ರಲ್ಲೂ ಅದೇ ಗೆದ್ದಿತು. 1965ರಲ್ಲಿ ತೆರೆದಿದ್ದ ಆ ಕಾಲೇಜು 1975ರಲ್ಲಿ ಬಾಗಿಲು ಮುಚ್ಚಿತು. ಮೂರು ಬಾರಿಯ ರಾಷ್ಟ್ರೀಯ ಚಾಂಪಿಯನ್ ಎಂಬ ಕೀರ್ತಿಯಿಂದ ಕಾಲೇಜಿನ ಖರ್ಚು ಹುಟ್ಟುತ್ತಿರಲಿಲ್ಲ.

ಆಗ ಹೆಣ್ಣುಮಕ್ಕಳ ಕ್ರೀಡೆಗೆ ಕಾಲೇಜುಗಳು ಹಣ ಕೊಡಬೇಕೆಂಬ ಕಟ್ಟುಪಾಡೇ ಇರಲಿಲ್ಲ. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶಿಕ್ಷಣ ತಿದ್ದುಪಡಿ ಕಾನೂನಿನ ಒಂಬತ್ತನೆಯ ಭಾಗ, ಟೈಟಲ್ ನೈನ್, ಇದನ್ನು ಬದಲಿಸಿತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮಗಳಿಂದ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಮೂಲದಲ್ಲಿರುವುದು 37 ಪದ. ಅವುಗಳಲ್ಲಿ ಕ್ರೀಡೆಯ ಪ್ರಸ್ತಾಪವೇ ಇಲ್ಲ. ಆದರೂ ಅದು ಕ್ರೀಡೆಗೂ ಅನ್ವಯಿಸುತ್ತದೆಂದು ಖಚಿತವಾದ ಮೇಲೆ ಹುಡುಗರಿಗೆ ಬೇಸ್‌ಬಾಲ್ ಮೈದಾನ ಕಟ್ಟಿಸಿದ ಕಾಲೇಜುಗಳು ಹುಡುಗಿಯರಿಗೆ ಸಾಫ್ಟ್‌ಬಾಲ್ ಮೈದಾನ, ಕೋಚ್, ವಿದ್ಯಾರ್ಥಿವೇತನ ಎಲ್ಲವನ್ನೂ ಹೊಂದಿಸಲೇಬೇಕಾಯಿತು.

ಲಾಭದ ಜೊತೆಗೆ ಒಂದು ನಷ್ಟವೂ ಆಯಿತು. 1971ರಿಂದ ಹೆಣ್ಣುಮಕ್ಕಳ ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುತ್ತಿದ್ದದ್ದು ಎಐಎಡಬ್ಲ್ಯು ಎಂಬ ಸಂಸ್ಥೆ. ಅದನ್ನು ನಡೆಸುತ್ತಿದ್ದವರು ಹೆಂಗಸರೇ. ಅಲ್ಲಿಯವರೆಗೆ ಗಂಡಸರ ಕ್ರೀಡೆಯನ್ನಷ್ಟೇ ಗಮನಿಸುತ್ತಿದ್ದ ಎನ್‌ಸಿಎಎ ಎಂಬ ಬಲಿಷ್ಠ ಸಂಸ್ಥೆ 1981-82ರಲ್ಲಿ ಮಹಿಳೆಯರ ಚಾಂಪಿಯನ್‌ಷಿಪ್‌ಗಳನ್ನೂ ಆರಂಭಿಸಿತು. 1982ರಲ್ಲಿ ಎರಡೂ ಸಂಸ್ಥೆಗಳು ಬೇರೆ ಬೇರೆ ಸಾಫ್ಟ್‌ಬಾಲ್ ಪಂದ್ಯಾವಳಿ ನಡೆಸಿದವು: ಎನ್‌ಸಿಎಎ ಕಡೆಯಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಗೆದ್ದಿತು, ಎಐಎಡಬ್ಲ್ಯು ಕಡೆಯಲ್ಲಿ ಟೆಕ್ಸಸ್ ಎ ಅಂಡ್ ಎಂ. ಒಂದೇ ವರ್ಷ, ಇಬ್ಬರು ರಾಷ್ಟ್ರೀಯ ಚಾಂಪಿಯನ್ನರು. ದುಡ್ಡಿಲ್ಲದ ಎಐಎಡಬ್ಲ್ಯು ಮುಚ್ಚಿತು, ಎನ್‌ಸಿಎಎ ವಿರುದ್ಧ ಕೋರ್ಟಿನಲ್ಲೂ ಸೋತಿತು. 1972ಕ್ಕೆ ಮುಂಚೆ ಅಮೆರಿಕದ ಕಾಲೇಜು ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತಂಡಗಳ ಕೋಚ್ ಹೆಂಗಸರಾಗಿದ್ದರು. ಈಗ ಎಲ್ಲ ಆಟಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಕಡಿಮೆ. ಸಂಬಳ ಬಂದಲ್ಲಿಗೆ ಗಂಡಸರೂ ಬಂದರು ಎಂದು ಬಿಡಿಸಿ ಹೇಳಬೇಕಿಲ್ಲ.

ಎನ್‌ಸಿಎಎ ಪಂದ್ಯಾವಳಿ ಒಮಾಹಾದಿಂದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಹೋಗಿ, 1990ರಲ್ಲಿ ಓಕ್ಲಹೋಮ ಸಿಟಿಗೆ ಬಂತು. 1996ರ ಒಂದು ವರ್ಷ ಬಿಟ್ಟರೆ ಅಂದಿನಿಂದ ಅಲ್ಲೇ. ಈಗ ಡೆವನ್ ಪಾರ್ಕ್ ಎನಿಸಿಕೊಂಡಿರುವ ಆ ಕ್ರೀಡಾಂಗಣಕ್ಕೆ ಮೇಲಂತಸ್ತು ಕಟ್ಟಿದ ಬಳಿಕ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು.

ಪಂದ್ಯಾವಳಿಯ ಕಟ್ಟು ಹೀಗಿದೆ. 64 ತಂಡಗಳಲ್ಲಿ ಕೆಲವು ತಮ್ಮ ತಮ್ಮ ಲೀಗ್ ಗೆದ್ದು ಬಂದವು. ಉಳಿದವನ್ನು ಆಯ್ಕೆ ಸಮಿತಿ ಆರಿಸುತ್ತದೆ. ಮೊದಲ ಹಂತದಲ್ಲಿ ಹದಿನಾರು ಊರುಗಳಲ್ಲಿ ನಾಲ್ಕು ನಾಲ್ಕು ತಂಡಗಳು ಆಡುತ್ತವೆ. ಗೆದ್ದ ಹದಿನಾರು ತಂಡಗಳು ಜೋಡಿಯಾಗಿ ಮೂರು ಪಂದ್ಯಗಳ ಸರಣಿ ಆಡುತ್ತವೆ. ಎರಡು ಗೆದ್ದವರು ಓಕ್ಲಹೋಮ ಸಿಟಿಗೆ. ಅಲ್ಲಿ ಎಂಟು ತಂಡ ಎರಡು ಗುಂಪಾಗಿ ಸೆಣಸಿ, ಗುಂಪಿಗೊಂದರಂತೆ ಎರಡು ತಂಡ ಉಳಿದಾಗ ಮತ್ತೆ ಮೂರು ಪಂದ್ಯಗಳ ಫೈನಲ್. ಈ ಮೂರು ಪಂದ್ಯಗಳ ಪದ್ಧತಿ ಬಂದದ್ದು 2005ರಲ್ಲಿ.

ನಾಲ್ಕು ತಂಡಗಳ ಗುಂಪಿನಲ್ಲಿ ನಡೆಯುವುದು ಮೈಸೂರಿನ ಮೈದಾನಗಳಲ್ಲಿ ಬಳಕೆಯಲ್ಲಿರುವ ನಾಕೌಟೂ ಅಲ್ಲ, ಲೀಗೂ ಅಲ್ಲ. ಅದು ಡಬಲ್ ಎಲಿಮಿನೇಷನ್: ಒಮ್ಮೆ ಸೋತವರು ಸೋತವರ ಸಾಲಿಗೆ ಇಳಿಯುತ್ತಾರೆ, ಮನೆಗಲ್ಲ. ಆ ಸಾಲಿನಲ್ಲಿ ಗೆಲ್ಲುತ್ತಾ ಹೋದರೆ, ಅದುವರೆಗೆ ಸೋಲದೆ ಉಳಿದ ತಂಡದ ಎದುರು ನಿಲ್ಲಬಹುದು. ಆದರೆ ಆ ತಂಡವನ್ನು ಎರಡು ಸಲ ಸೋಲಿಸಬೇಕು, ಏಕೆಂದರೆ ಅದಕ್ಕೂ ಒಂದು ಸೋಲಿನ ಹಕ್ಕಿದೆ. ಒಂದು ಪಂದ್ಯದಲ್ಲಿ ಪಿಚರ್ ಕೈಕೊಟ್ಟ ಮಾತ್ರಕ್ಕೆ ಇಡೀ ವರ್ಷದ ದುಡಿಮೆ ಹಾಳಾಗಬಾರದು ಎಂಬುದು ಇದರ ನ್ಯಾಯ. ಒಬ್ಬಳೇ ಪಿಚರ್ ಆಟ ತಿರುಗಿಸಬಲ್ಲ ಕ್ರೀಡೆಗೆ ಇದಕ್ಕಿಂತ ಒಪ್ಪುವ ಪದ್ಧತಿ ಇಲ್ಲ.

2021ರ ಪಂದ್ಯಾವಳಿ ಇದಕ್ಕೆ ಸಾಕ್ಷಿ. ಅಗ್ರ ಶ್ರೇಯಾಂಕದ ಓಕ್ಲಹೋಮ ವಿಶ್ವವಿದ್ಯಾಲಯ ಮೊದಲ ಪಂದ್ಯದಲ್ಲೇ, ಶ್ರೇಯಾಂಕವೇ ಇಲ್ಲದ ಜೇಮ್ಸ್ ಮ್ಯಾಡಿಸನ್ ತಂಡಕ್ಕೆ 4-3ರಿಂದ ಸೋತಿತು. ಆ ಪುಟ್ಟ ತಂಡದ ಪಿಚರ್ ಒಡಿಸಿ ಅಲೆಕ್ಸಾಂಡರ್ ಒಂದೇ ದಿನದಲ್ಲಿ ಮನೆಮಾತಾದಳು. ನಾಕೌಟ್ ಆಗಿದ್ದರೆ ಓಕ್ಲಹೋಮದ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಸೋತವರ ಸಾಲಿನಲ್ಲಿ ಜಾರ್ಜಿಯಾವನ್ನೂ ಯುಸಿಎಲ್‌ಎಯನ್ನೂ ಮಣಿಸಿ, ಜೇಮ್ಸ್ ಮ್ಯಾಡಿಸನ್ ತಂಡವನ್ನು ಎರಡು ಬಾರಿ ಸೋಲಿಸಿತು. ಫೈನಲ್‌ನ ಮೊದಲ ಪಂದ್ಯವನ್ನು ಫ್ಲಾರಿಡಾ ಸ್ಟೇಟ್‌ಗೆ ಬಿಟ್ಟುಕೊಟ್ಟು, ಮುಂದಿನ ಎರಡನ್ನೂ ಗೆದ್ದು ಪ್ರಶಸ್ತಿ ಪಡೆಯಿತು. ಅಲ್ಲಿಂದ 2024ರವರೆಗೆ ನಾಲ್ಕು ವರ್ಷ ಅದೇ ಚಾಂಪಿಯನ್. 2023ರಲ್ಲಿ 62 ಪಂದ್ಯ ಆಡಿ ಸೋತದ್ದು ಒಂದೇ. 1995ರಿಂದ ಆ ತಂಡದ ಕೋಚ್ ಆಗಿರುವವರು ಪ್ಯಾಟಿ ಗ್ಯಾಸೊ ಎಂಬ ಮಹಿಳೆ. ಒಟ್ಟು ಪ್ರಶಸ್ತಿಗಳಲ್ಲಿ ಯುಸಿಎಲ್‌ಎ 12ರೊಂದಿಗೆ ಮುಂದಿದೆ; ಓಕ್ಲಹೋಮ ಮತ್ತು ಅರಿಜೋನಾ ತಲಾ 8. ಯುಸಿಎಲ್‌ಎಯ 1995ರ ಗೆಲುವು ವಿದ್ಯಾರ್ಥಿವೇತನದ ಮಿತಿ ಮೀರಿದ್ದಕ್ಕಾಗಿ ರದ್ದಾಗಿ, ಲೆಕ್ಕಕ್ಕೆ ಸೇರುವುದಿಲ್ಲ.

2025ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಟೆಕ್ಸಸ್ ಟೆಕ್ ತಂಡವನ್ನು ಫೈನಲ್ ಸರಣಿಯಲ್ಲಿ 2-1ರಿಂದ ಮಣಿಸಿ ಮೊದಲ ಬಾರಿ ಗೆದ್ದಿತು. ಟೆಕ್ಸಸ್ ಟೆಕ್‌ನ ಪಿಚರ್ ನೈಜಾರಿ ಕ್ಯಾನಡಿ ಹಿಂದಿನ ವರ್ಷ ಸ್ಟ್ಯಾನ್‌ಫರ್ಡ್ ಬಿಟ್ಟು ಬಂದಾಗ ಅವಳಿಗೆ ಸಿಕ್ಕ ಪ್ರಚಾರ ಒಪ್ಪಂದ ಹತ್ತು ಲಕ್ಷ ಡಾಲರ್ ಮೀರಿತ್ತು. ಫೈನಲ್‌ನ ಮೊದಲ ಪಂದ್ಯದಲ್ಲಿ ಎದುರಾಳಿ ರೀಸ್ ಆಟ್‌ವುಡ್‌ಗೆ ಹೊಡೆಯಲು ಅವಕಾಶ ಕೊಡಬಾರದೆಂದು ಕ್ಯಾನಡಿ ಬೇಕೆಂದೇ ದೂರಕ್ಕೆ ಎಸೆಯುತ್ತಿದ್ದಾಗ ಒಂದು ಚೆಂಡು ಕೈಗೆಟುಕುವಷ್ಟು ಹತ್ತಿರ ಬಂತು. ಆಟ್‌ವುಡ್ ಅದನ್ನು ಹೊಡೆದಳು, ಇಬ್ಬರು ಓಡಿ ಹೋಮ್ ಮುಟ್ಟಿದರು, ಟೆಕ್ಸಸ್ 2-1ರಿಂದ ಗೆದ್ದಿತು. ಅಂದು ಎರಡೂ ತಂಡಗಳ ಮುಖ್ಯ ಕೋಚ್ ಗಂಡಸರೇ.

ಭಾರತದಲ್ಲಿ ಕ್ರಮ ಬೇರೆ. ಮೈಸೂರಿನ ಕುಂಬಾರಕೊಪ್ಪಲಿನಿಂದ ಮಹಾರಾಣಿ ಕಾಲೇಜಿಗೆ ಹೋಗುವ ಹುಡುಗಿ ಕಾಲೇಜಿನ ಪರವಾಗಿ ಆಡುವುದು ಅಂತರ ಕಾಲೇಜು ಪಂದ್ಯಗಳವರೆಗೆ ಮಾತ್ರ. ಅಲ್ಲಿಂದ ಆಯ್ಕೆಯಾದರೆ ಅವಳು ತೊಡುವುದು ಮೈಸೂರು ವಿಶ್ವವಿದ್ಯಾನಿಲಯದ ಅಂಗಿ. ಆಡುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ. ಆ ಸಂಘದ ಆಟಗಳ ಪಟ್ಟಿಯಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ಕೂಡ ಇದೆ. ಬೇರೆ ಬೇರೆ ಕಾಲೇಜಿನವರು ಶಿಬಿರದಲ್ಲಿ ಕಲೆತು ತಂಡವಾಗಬೇಕು. ಅಮೆರಿಕದಲ್ಲಾದರೆ ಒಂದೇ ಕಾಲೇಜಿನ ತಂಡ ಫೆಬ್ರವರಿಯಿಂದ ಮೇವರೆಗೆ ಐವತ್ತರಷ್ಟು ಪಂದ್ಯ ಆಡಿ ಆಮೇಲೆ ಚಾಂಪಿಯನ್‌ಷಿಪ್‌ಗೆ ಬರುತ್ತದೆ. ಪ್ರತಿಭೆಗಿಂತ ಈ ಪಂದ್ಯಗಳ ಸಂಖ್ಯೆಯೇ ಎರಡು ದೇಶಗಳ ಆಟದ ಮಟ್ಟವನ್ನು ಬೇರೆ ಮಾಡಿದೆ.

1996ರಿಂದ 2008ರವರೆಗೆ, ಆಮೇಲೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಇತ್ತು; 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಅದು ಮರಳುತ್ತಿದೆ. ಅದಕ್ಕಾಗಿ ಹೊಸ ಮೈದಾನ ಕಟ್ಟುವ ಗೋಜಿಗೆ ಹೋಗದೆ, ಅಲ್ಲಿಂದ ಸುಮಾರು 2,000 ಕಿಲೋಮೀಟರ್ ದೂರದ ಡೆವನ್ ಪಾರ್ಕ್‌ನಲ್ಲೇ ಪಂದ್ಯಗಳನ್ನು ನಡೆಸಲು ಸಂಘಟಕರು ತೀರ್ಮಾನಿಸಿದ್ದಾರೆ. ಕಾಲೇಜು ಪಂದ್ಯಾವಳಿಯನ್ನಾಗಲಿ ಒಲಿಂಪಿಕ್ಸನ್ನಾಗಲಿ ನೇರವಾಗಿ ನೋಡಬಯಸುವ ಕೇಳುಗರು ಬೇಗ ಏಳಬೇಕಾದೀತು: ಬೇಸಿಗೆಯಲ್ಲಿ ಓಕ್ಲಹೋಮ ಸಿಟಿಯ ಸಂಜೆ ಏಳು ಗಂಟೆ ಎಂದರೆ ಮೈಸೂರಿನಲ್ಲಿ ಮರುದಿನ ಬೆಳಗಿನ ಐದೂವರೆ.