ಬಂದವರ ಮೊದಲ ನೋಟ, ಇದ್ದವರ ಹೊಣೆ



ಸೇವೆಗಾಗಿ ಪರದೇಶಕ್ಕೆ ಹೋಗುವವರ ಮಾತು ಬಂದಾಗ ನಮ್ಮ ದೃಷ್ಟಿ ಸಹಜವಾಗಿ ಕಡಲಾಚೆಗೆ ಹರಿಯುತ್ತದೆ. ಕಡಲಾಚೆಯಿಂದ ನಮ್ಮ ಅನಂತಪುರದ ಸೀಮೆಗೇ ಬಂದು ನೆಲೆಸಿದವರನ್ನು ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 1920ರಲ್ಲಿ ಜನಿಸಿದ ವಿನ್ಸೆಂಟ್ ಫೆರರ್ ಅವರು 1952ರಲ್ಲಿ ಜೆಸ್ಯೂಟ್ ಸಂಘದ ಸದಸ್ಯರಾಗಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನಮಾಡದಲ್ಲಿ ಬಡ ರೈತರ ನಡುವೆ ದುಡಿದರು. 1968ರಲ್ಲಿ ಸರ್ಕಾರದ ಆಜ್ಞೆಯಂತೆ ದೇಶ ಬಿಟ್ಟವರು 1969ರಲ್ಲಿ ಮರಳಿ ಬಂದು ಅನಂತಪುರದಲ್ಲಿ ನಿಂತರು. ಇಂಗ್ಲೆಂಡಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಪತ್ರಿಕಾವೃತ್ತಿಯಲ್ಲಿದ್ದ ತರುಣಿ ಆನ್ ಪೆರ್ರಿ ಅವರು ಆ ವೃತ್ತಿಯನ್ನು ತೊರೆದು ಜೊತೆಗೂಡಿದರು. 1970ರಲ್ಲಿ ಅವರಿಬ್ಬರ ವಿವಾಹವಾಯಿತು.

ಹೊಸದಾಗಿ ಬಂದವರಿಗೆ ಈ ನೆಲ ಮೊದಲು ಹೇಗೆ ಕಾಣುವುದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಅದೂ ಬಂದರೆ ಬಂತು. ಒಣಗಿದ ಕೆರೆ, ಬಾಡಿದ ಕಡಲೆಕಾಯಿಯ ಹೊಲ, ಗುಳೆ ಹೋದವರ ಬೀಗ ಹಾಕಿದ ಮನೆ. ಇದನ್ನು ಕಂಡು ಮರುಗುವುದು ಸುಲಭ. ಮರುಗಿ ಹಿಂತಿರುಗುವುದು ಇನ್ನೂ ಸುಲಭ. ಫೆರರ್ ದಂಪತಿಗಳು ಹಿಂತಿರುಗಲಿಲ್ಲ. ಅವರು ಕಟ್ಟಿದ ಸಂಸ್ಥೆ ಜನರ ಬಾಯಲ್ಲಿ ಆರ್.ಡಿ.ಟಿ. ಎಂದೇ ಹೆಸರಾಗಿ, ಶಾಲೆ, ಆಸ್ಪತ್ರೆ, ಮನೆ, ನೀರುಗಳ ಕೆಲಸವನ್ನು ಹಳ್ಳಿಗಳಿಗೆ ಒಯ್ದಿತು. ಸ್ಪೇನಿನ ತರುಣರೂ ಸ್ವಯಂಸೇವಕರಾಗಿ ಬಂದರು. ಟೆನ್ನಿಸ್ ಆಟಗಾರ ರಫೆಲ್ ನಡಾಲ್ ಅವರ ಪ್ರತಿಷ್ಠಾನದ ನೆರವಿನಿಂದ 2010ರಲ್ಲಿ ಅನಂತಪುರದಲ್ಲಿ ಬಡಮಕ್ಕಳಿಗಾಗಿ ಟೆನ್ನಿಸ್ ಶಾಲೆ ತೆರೆಯಿತು. ಅಲ್ಲಿ ಆಟದೊಡನೆ ಇಂಗ್ಲಿಷನ್ನೂ ಕಂಪ್ಯೂಟರನ್ನೂ ಕಲಿಸತೊಡಗಿದರು. ಫೆರರ್ ಅವರು 2009ರ ಜೂನ್ 19ರಂದು ಅನಂತಪುರದಲ್ಲಿಯೇ ಕೊನೆಯುಸಿರೆಳೆದರು.

ಇಂತಹ ಪುಣ್ಯಜೀವಿಗಳಿಗೂ ಮೊದಲ ನೋಟಕ್ಕೆ ಸಿಕ್ಕದ ಒಂದು ಸಂಗತಿಯುಂಟು. ಅನಂತಪುರಕ್ಕೆ ಬರುವವರು ಜಿಲ್ಲೆಯ ನುಡಿ ತೆಲುಗೆಂದು ತಿಳಿದು ಅದನ್ನೇ ಕಲಿಯತೊಡಗುತ್ತಾರೆ, ಅದು ನ್ಯಾಯವೇ. ಆದರೆ ರೊಳ್ಳ, ಅಗಳಿ, ಅಮರಾಪುರಗಳ ಕಡೆಗೆ ಹೋದರೆ, ಹಸಿವಾಯಿತೆಂದು ಮಗು ತಾಯಿಗೆ ಹೇಳುವುದು ಕನ್ನಡದಲ್ಲಿ. ಭೂಪಟ ಇದನ್ನು ತೋರಿಸದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಸೇರಿತು. ಆಗಲೇ ಆ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ನಾವು ಹೊಸಿಲು ದಾಟದೆಯೇ ಹೊರನಾಡಿಗರಾದೆವು.

ತೆಲುಗು ನಮಗೆ ಅನ್ಯವಲ್ಲ. ಅದು ನೆರೆಮನೆಯ ನುಡಿ, ಸಂತೆಯ ನುಡಿ. ಅದನ್ನು ಚೆನ್ನಾಗಿ ಕಲಿಯೋಣ. ಆದರೆ ಮನೆಯ ನುಡಿಯಲ್ಲಿ ಓದು ಬರಹ ಕಲಿಯುವ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರು? ಸ್ಪೇನಿನ ತರುಣನನ್ನು ಕಾಯೋಣವೇ?

ನಮ್ಮ ಮಕ್ಕಳು ಓದಿ ಬೆಂಗಳೂರಿಗೆ ಹೋಗುತ್ತಾರೆ, ಅದು ತಪ್ಪಲ್ಲ. ಹಬ್ಬಕ್ಕೆ ಊರಿಗೆ ಬಂದಾಗಲಾದರೂ ತಾವು ಓದಿದ ಕನ್ನಡ ಶಾಲೆಯ ಬಾಗಿಲಿಗೆ ಹೋಗಲಿ. ಒಂದು ಮಗುವಿಗೆ ಲೆಕ್ಕ ಹೇಳಿಕೊಡಲಿ, ಒಂದು ಪುಸ್ತಕ ಓದಿಸಲಿ, ಕನ್ನಡದಲ್ಲಿ ಓದಿದವರೂ ಮುಂದೆ ಬರಬಲ್ಲರೆಂಬುದಕ್ಕೆ ತಾವೇ ಸಾಕ್ಷಿಯಾಗಿ ನಿಲ್ಲಲಿ. ಹಾಗೆ ಕಳುಹಿಸುವ ಹೊಣೆ ತಂದೆತಾಯಿಗಳದು; ಹೆಸರು ಬರೆದುಕೊಂಡು ಶಾಲೆಗೆ ಸೇರಿಸುವ ಹೊಣೆ ಈ ಸಂಘದ್ದು.

ಪರದೇಶದವರು ಮನೆಮಾರು ಬಿಟ್ಟು, ಪರಭಾಷೆ ಕಲಿತು ಇಲ್ಲಿ ಸೇವೆ ಮಾಡಿದರು. ನಮಗೆ ಕಡಲು ದಾಟುವ ಶ್ರಮವಿಲ್ಲ, ನುಡಿ ಕಲಿಯುವ ಶ್ರಮವೂ ಇಲ್ಲ. ಎರಡು ಬೀದಿ ನಡೆದರೆ ಸಾಕು.