ಗಾಜಿಗೆ ಬಿಸಿನೀರು: ಕಾಯಿಸಿದರೆ ಹೋಗುವುದೇನು, ಉಳಿಯುವುದೇನು?

ತುಪ್ಪ ಕಾಯಿಸಿದ ಪಾತ್ರೆಯನ್ನು ತಣ್ಣೀರಿನಲ್ಲಿ ತೊಳೆಯಲು ಹೋಗಿ ಸೋತವರು ನಿಮ್ಮಲ್ಲಿ ಹಲವರಿರಬಹುದು. ಎಷ್ಟು ತಿಕ್ಕಿದರೂ ಜಿಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆಯೇ ಹೊರತು ಪಾತ್ರೆಯನ್ನು ಬಿಡುವುದಿಲ್ಲ. ಅದಕ್ಕೆ ಒಂದು ಚೊಂಬು ಬಿಸಿನೀರು ಸುರಿದರೆ ಜಿಡ್ಡು ಕರಗಿ ಮೇಲೆ ತೇಲುತ್ತದೆ. ಇದನ್ನು ದಿನವೂ ಕಾಣುವ ನಮಗೆ, ಬಿಸಿನೀರು ಯಾವ ಕೊಳೆಯನ್ನಾದರೂ ತೊಳೆದೀತು ಎಂಬ ನಂಬಿಕೆ ಬೇರೂರಿಬಿಟ್ಟಿದೆ.

ಈಗ ಅದೇ ಮನೆಯ ಬಚ್ಚಲಿಗೆ ಬನ್ನಿ. ನೀರು ಕಾಯಿಸುವ ಹಂಡೆಯ ಒಳಗೆ, ಅದು ತಣ್ಣಗಿರುವಾಗ, ಕೈಯಾಡಿಸಿ ನೋಡಿ. ಬೆರಳಿಗೆ ಒರಟಾದ ಬಿಳಿಯ ಪದರ ತಗಲುತ್ತದೆ. ದಿನವೂ ಬಿಸಿನೀರು ತುಂಬಿಕೊಳ್ಳುವ ಪಾತ್ರೆ ಇದು. ಬಿಸಿನೀರು ಎಲ್ಲವನ್ನೂ ತೊಳೆಯುವುದಾದರೆ ಈ ಪದರ ಇಲ್ಲಿ ಹೇಗೆ ಕುಳಿತಿತು?

ತುಪ್ಪದ ಪಾತ್ರೆ ಮತ್ತು ಬಚ್ಚಲ ಹಂಡೆ, ಇವೆರಡರ ನಡುವಿನ ಈ ವಿರೋಧವೇ ಇಂದಿನ ಮಾತಿನ ವಿಷಯ. ಅದನ್ನು ಕಿಟಕಿಯ ಗಾಜಿನ ಮೂಲಕ ನೋಡೋಣ.

ಬ್ರಿಟನ್ ಮುಂತಾದ ದೇಶಗಳಲ್ಲಿ ಕಿಟಕಿಯ ಗಾಜು ತೊಳೆಯುವುದೇ ಒಂದು ಕಸುಬು. ಹಿಂದೆ ಏಣಿ, ಬಕೆಟ್ಟು, ರಬ್ಬರ್ ಪಟ್ಟಿ ಇದ್ದರೆ ಸಾಕಾಗಿತ್ತು. ಏಣಿಯಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರು, ಸಾಯುವವರು ಇದ್ದೇ ಇದ್ದರು. 2005ರಲ್ಲಿ ಬ್ರಿಟನ್ನಿನಲ್ಲಿ ಎತ್ತರದ ಕೆಲಸಕ್ಕೆ ಸಂಬಂಧಿಸಿದ ಹೊಸ ನಿಯಮಗಳು ಬಂದವು. ನೆಲದ ಮೇಲೆ ನಿಂತು ಮಾಡಬಹುದಾದ ಕೆಲಸಕ್ಕೆ ಮೇಲೆ ಹತ್ತಬಾರದು ಎಂಬುದು ಅವುಗಳ ತಿರುಳು. ಇದರಿಂದ ಒಂದು ಹೊಸ ಸಲಕರಣೆಗೆ ಬೇಡಿಕೆ ಹೆಚ್ಚಿತು. ವ್ಯಾನಿನೊಳಗೆ ನೀರಿನ ಟ್ಯಾಂಕು, ಪಂಪು, ನೀರನ್ನು ಶುದ್ಧಮಾಡುವ ಶೋಧಕ. ಅಲ್ಲಿಂದ ಹೊರಟ ಕೊಳವೆ ಒಂದು ಉದ್ದನೆಯ ಹಗುರವಾದ ಕೋಲಿನ ತುದಿಯ ಬ್ರಷ್ಷಿಗೆ ನೀರು ಹಾಯಿಸುತ್ತದೆ. ತೊಳೆಯುವವನು ನೆಲದ ಮೇಲೇ ನಿಂತು ಎರಡನೆಯ, ಮೂರನೆಯ ಅಂತಸ್ತಿನ ಗಾಜನ್ನು ಉಜ್ಜುತ್ತಾನೆ. ಕೆಲವರು ಇದಕ್ಕೆ ಡೀಸೆಲ್ ಉರಿಸುವ ಹೀಟರನ್ನೂ ಜೋಡಿಸಿಕೊಳ್ಳುತ್ತಾರೆ. ಚಳಿದೇಶಗಳಲ್ಲಿ ವಾಹನದ ಎಂಜಿನ್ನನ್ನು ಬೆಚ್ಚಗೆ ಮಾಡಲು ಬಳಸುವಂಥ ಹೀಟರುಗಳೇ ಇಲ್ಲಿ ನೀರು ಕಾಯಿಸುವ ಕೆಲಸಕ್ಕೆ ಬಂದಿವೆ.

ಈ ವ್ಯಾನನ್ನು ನಮ್ಮ ರಾಯಚೂರು ಜಿಲ್ಲೆಗೆ ತರೋಣ. ಸಿಂಧನೂರಿನ ಒಬ್ಬ ತರುಣ ಇಂಥದೊಂದು ವ್ಯಾನು ಇಟ್ಟು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಬ್ಯಾಂಕು, ಆಸ್ಪತ್ರೆ, ಅಂಗಡಿ, ಕಾಲೇಜುಗಳ ಗಾಜು ತೊಳೆದು ಬದುಕಬೇಕೆಂದು ಹೊರಟಿದ್ದಾನೆ ಎಂದು ಊಹಿಸಿಕೊಳ್ಳಿ. ಸಾಲ ತಂದ ಹಣ ಅವನ ಕೈಯಲ್ಲಿದೆ. ಟ್ಯಾಂಕು, ಪಂಪು, ಕೋಲು ಕೊಂಡ ಮೇಲೆ ಉಳಿದ ಹಣಕ್ಕೆ ಒಂದೇ ವಸ್ತು ಬರುತ್ತದೆ. ಹೀಟರು ಕೊಳ್ಳಬೇಕೋ, ಶೋಧಕ ಕೊಳ್ಳಬೇಕೋ? ನೀವಾದರೆ ಏನು ಹೇಳುತ್ತೀರಿ?

ಉತ್ತರ ಹೇಳುವ ಮೊದಲು ಆ ಊರುಗಳ ಗಾಜಿನ ಮೇಲೆ ಕೂರುವುದೇನು ಎಂದು ನೋಡಬೇಕು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಬತ್ತದ ನಾಡು. ಕಪ್ಪು ಎರೆಮಣ್ಣಿನ ದೂಳು, ಅಕ್ಕಿ ಗಿರಣಿಗಳ ತೌಡಿನ ಪುಡಿ ಅಲ್ಲಿ ಧಾರಾಳ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅಶೋಕನನ್ನು ಹೆಸರಿನಿಂದಲೇ ಕರೆಯುವ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಈಗ ತಾಲ್ಲೂಕು ಕೇಂದ್ರ. ಮೂರೂ ಊರುಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಜಿನ ಮೇಲೆ ಕೂರುವುದು ಮುಖ್ಯವಾಗಿ ಒಣ ದೂಳು. ಹೋಟೆಲಿನ ಅಡುಗೆಮನೆಯ ಕಿಟಕಿಗೆ ಒಗ್ಗರಣೆಯ ಎಣ್ಣೆ, ಬಸ್ಸಿನ ಮುಂಗಾಜಿಗೆ ಹುಳುಗಳು, ಹೆದ್ದಾರಿಯ ಬದಿಯ ಅಂಗಡಿಗೆ ಡೀಸೆಲ್ ಮಸಿ ಸೇರುತ್ತವೆ.

ಬಿಸಿನೀರಿನ ಗುಣಗಳನ್ನು ಮೊದಲು ಹೇಳಿಬಿಡೋಣ. ಒಂದು, ಅದು ಕೊಬ್ಬನ್ನು ಮೆತ್ತಗೆ ಮಾಡುತ್ತದೆ. ಎರಡು, ಕಾದ ನೀರು ಹೆಚ್ಚು ಸರಾಗವಾಗಿ ಹರಿಯುತ್ತದೆ. ದ್ರವದ ಹರಿವಿಗೆ ಒಳಗಿನಿಂದಲೇ ಒದಗುವ ತಡೆಯನ್ನು ಸ್ನಿಗ್ಧತೆ ಎನ್ನುತ್ತೇವೆ. 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ; ಬಿರುಕು, ಸಂದುಗಳಿಗೆ ನೀರು ಬೇಗ ನುಗ್ಗುತ್ತದೆ. ಮೂರು, ಮೇಲ್ಮೈ ಎಳೆತ. ನೀರು ಗಾಜಿನ ಮೇಲೆ ಹರಡದೆ ಹನಿಗಟ್ಟಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಕಾಯಿಸಿದರೆ ಇದು ಕಡಿಮೆಯಾಗುವುದು ನಿಜ. ಆದರೆ 25ರಿಂದ 60 ಡಿಗ್ರಿಗೆ ಏರಿಸಿದಾಗ ಆಗುವ ಇಳಿಕೆ ನೂರಕ್ಕೆ ಸುಮಾರು 8 ಮಾತ್ರ. ಅದೇ ನೀರಿಗೆ ಚಿಟಿಕೆ ಸಾಬೂನು ಹಾಕಿದರೆ ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಹಾಗಾದರೆ ಎಣ್ಣೆ, ಹುಳು, ಹಕ್ಕಿಯ ಹಿಕ್ಕೆ ಇರುವ ಗಾಜಿಗೆ ಬಿಸಿನೀರು ಉಪಕಾರಿ. ಒಣ ದೂಳಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಎರೆಮಣ್ಣಿನ ದೂಳು ನೀರು ಕುಡಿದು ಉಬ್ಬಿ ಸಡಿಲವಾಗಲು ಒಂದೆರಡು ನಿಮಿಷ ಬೇಕು. ಅಷ್ಟು ಹೊತ್ತು ನೆನೆಯಬಿಟ್ಟು ಉಜ್ಜಿದರೆ ತಣ್ಣೀರೇ ಸಾಕು.

ಇನ್ನು ಹಂಡೆಯ ಕಡೆಗೆ ಬರೋಣ. ನಮ್ಮ ತರುಣ ಹೀಟರನ್ನೇ ಕೊಂಡು, ಕೊಳವೆಬಾವಿಯ ನೀರನ್ನು ಹಾಗೆಯೇ ಕಾಯಿಸಿ ಗಾಜು ತೊಳೆದ ಎನ್ನಿ. ಆ ಸೀಮೆಯ ಜನ ಸವಳು ನೀರು ಎಂದು ಕರೆಯುವ ನೀರು ಅದು. ಲೀಟರಿಗೆ 1000 ಮಿಲಿಗ್ರಾಂ ಲವಣ ಕರಗಿರುವ ನೀರು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಕುಡಿಯುವ ನೀರಿನಲ್ಲಿ ಕರಗಿದ ಪದಾರ್ಥ ಲೀಟರಿಗೆ 500 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ 2000ದವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ತೊಳೆದ ಮೇಲೆ ಒಂದು ಗಾಜಿನ ಮೇಲೆ 15 ಮಿಲಿಲೀಟರ್, ಅಂದರೆ ಒಂದು ದೊಡ್ಡ ಚಮಚದಷ್ಟು ನೀರು ಉಳಿದರೆ ಅದರಲ್ಲಿ 15 ಮಿಲಿಗ್ರಾಂ ಲವಣವಿರುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಲವಣಕ್ಕೆ ಹಾರುವ ಶಕ್ತಿಯಿಲ್ಲ, ಅದು ಗಾಜಿನ ಮೇಲೆಯೇ ಬಿಳಿಯ ಚುಕ್ಕೆಗಳಾಗಿ ಕೂರುತ್ತದೆ. ಬಿಸಿನೀರು ಬೇಗ ಆರುವುದರಿಂದ ಚುಕ್ಕೆಗಳೂ ಬೇಗ ಮೂಡುತ್ತವೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಸಕ್ಕರೆ, ಅಡುಗೆಯ ಉಪ್ಪು ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತವೆ ಎಂದು ನೀವು ಓದಿದ್ದೀರಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟಿನ ರೀತಿಯೇ ಬೇರೆ. ಕಾಯಿಸಿದಾಗ ಅದು ಒಡೆದು ಇಂಗಾಲದ ಡೈಆಕ್ಸೈಡ್ ಅನಿಲ ಹೊರಹೋಗುತ್ತದೆ. ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಹಂಡೆಯಲ್ಲಿ ನಿಮ್ಮ ಬೆರಳಿಗೆ ತಗಲಿದ್ದು ಇದೇ. ನಮ್ಮ ತರುಣನ ಹೀಟರಿನ ಕೊಳವೆಯೊಳಗೂ ಇದೇ ಕೂರುತ್ತದೆ. ಉಷ್ಣ ನೀರಿಗೆ ದಾಟದಂತೆ ಅದು ಅಡ್ಡ ನಿಲ್ಲುತ್ತದೆ, ಡೀಸೆಲ್ ಖರ್ಚು ಏರುತ್ತದೆ, ಕೊನೆಗೆ ಕೊಳವೆಯೇ ಕಟ್ಟಿಹೋಗುತ್ತದೆ.

ಸಿಂಧನೂರಿನ ರೈತನಿಗೆ ಈ ಪಾಠ ಹೊಸದಲ್ಲ. ಕಾಲುವೆಯ ನೀರು ಹೆಚ್ಚಾಗಿ ನಿಂತ, ಬಸಿದುಹೋಗಲು ದಾರಿಯಿಲ್ಲದ ಹೊಲಗಳು ಬೇಸಿಗೆಯಲ್ಲಿ ಬೆಳ್ಳಗೆ ಕಾಣುತ್ತವೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಸವಳಾದ ಭೂಮಿ ಸಾಕಷ್ಟಿದೆ. ಅಲ್ಲಿಯೂ ನಡೆದದ್ದು ಇಷ್ಟೇ: ಬಿಸಿಲು ನೀರನ್ನು ಒಯ್ದಿತು, ಉಪ್ಪನ್ನು ಬಿಟ್ಟುಹೋಯಿತು. ಕಿಟಕಿಯ ಗಾಜು ಆ ಹೊಲದ ಒಂದು ಚಿಕ್ಕ ಮಾದರಿ.

ಆದ್ದರಿಂದ ನಮ್ಮ ತರುಣ ಮೊದಲು ಕೊಳ್ಳಬೇಕಾದದ್ದು ಶೋಧಕ. ವಿಲೋಮ ಪರಾಸರಣ, ಅಂದರೆ ಎಲ್ಲರ ಬಾಯಲ್ಲಿರುವ ಆರ್.ಓ., ಲವಣದ ಬಹುಪಾಲನ್ನು ತೆಗೆಯುತ್ತದೆ. ಅಯಾನು ವಿನಿಮಯದ ರಾಳ ಉಳಿದುದನ್ನು ಹಿಡಿಯುತ್ತದೆ. ಲೀಟರಿಗೆ 10 ಮಿಲಿಗ್ರಾಂಗೆ ಇಳಿದ ನೀರಾದರೆ ಆ ಒಂದು ಚಮಚದಲ್ಲಿ ಉಳಿಯುವುದು 0.15 ಮಿಲಿಗ್ರಾಂ. ಇದು ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಯಿಂದ ಒರೆಸುವ ಕೆಲಸವೂ ಉಳಿಯಿತು. ಗಾಜು ತಾನಾಗಿಯೇ ಆರಿ ಹೊಳೆಯುತ್ತದೆ.

ಮುಂದೆ ಎಂದಾದರೂ ಅವನು ಹೀಟರು ಕೊಂಡರೆ ಕ್ರಮ ತಪ್ಪಬಾರದು. ಮೊದಲು ಶೋಧನೆ, ಆಮೇಲೆ ಕಾಯಿಸುವುದು. ಆರ್.ಓ. ಪೊರೆಗಳು ಸಾಮಾನ್ಯವಾಗಿ 45 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ತಾಳುವುದಿಲ್ಲ. ಖರ್ಚಿನ ಲೆಕ್ಕವನ್ನೂ ಮಾಡಿ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಉಷ್ಣ ಬೇಕು. 400 ಲೀಟರನ್ನು 25ರಿಂದ 60 ಡಿಗ್ರಿಗೆ ಏರಿಸಲು 400, 35, 4.2 ಇವನ್ನು ಗುಣಿಸಿ: 58,800 ಕಿಲೋಜೂಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 36,000 ಕಿಲೋಜೂಲ್ ಬರುತ್ತದೆ. ಸೋರಿಹೋಗುವ ಉಷ್ಣವನ್ನೂ ಸೇರಿಸಿದರೆ ಒಂದು ಟ್ಯಾಂಕಿಗೆ ಸುಮಾರು 2 ಲೀಟರ್ ಡೀಸೆಲ್. ಉದ್ದನೆಯ ಕೊಳವೆಯಲ್ಲಿ ಸಾಗುವಾಗಲೇ ನೀರು ತಣಿಯುವುದರಿಂದ ಬ್ರಷ್ಷಿನ ತುದಿಗೆ ಮುಟ್ಟುವ ಬಿಸಿ ಇನ್ನೂ ಕಡಿಮೆ. ಕೈ ಮರಗಟ್ಟುವ ಚಳಿಯ ದೇಶದಲ್ಲಿ ಈ ಖರ್ಚಿಗೆ ಅರ್ಥವಿದೆ. ರಾಯಚೂರಿನ ಬಿಸಿಲಿನಲ್ಲಿ ಟ್ಯಾಂಕಿಗೆ ಕಪ್ಪು ಬಣ್ಣ ಬಳಿದು ಹೊರಗೆ ಇಟ್ಟರೆ ಸೂರ್ಯನೇ ನೀರನ್ನು ಬೆಚ್ಚಗೆ ಮಾಡಿಕೊಡುತ್ತಾನೆ.

ಅಪಾಯಗಳನ್ನೂ ಮರೆಯಬಾರದು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಮುಚ್ಚಿದ ವ್ಯಾನಿನಲ್ಲಿ ಡೀಸೆಲ್ ಹೀಟರಿನ ಹೊಗೆ ಸೇರಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾಗಬಹುದು. ಇನ್ನು ಗಾಜು. ಸಾಮಾನ್ಯ ಕಿಟಕಿಯ ಗಾಜಿನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ಸುಮಾರು 40 ಡಿಗ್ರಿ ಅಂತರ ಬಂದರೆ ಅದು ಸೀಳುವ ಸಂಭವವಿದೆ. ಕಾದ ಭಾಗ ಹಿಗ್ಗುತ್ತದೆ, ತಣ್ಣಗಿರುವ ಭಾಗ ಹಿಗ್ಗಲು ಬಿಡುವುದಿಲ್ಲ. ಈ ಜಗ್ಗಾಟವನ್ನು ಗಾಜು ತಾಳದು. ಚಳಿದೇಶದಲ್ಲಿ ತಣ್ಣನೆಯ ಗಾಜಿಗೆ ಬಿಸಿನೀರು ಬಿದ್ದರೆ ಭಯ. ನಮ್ಮಲ್ಲಿ ಏಪ್ರಿಲಿನ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಬಿದ್ದರೆ ಭಯ. ಆದ್ದರಿಂದ ಗಾಜು ತೊಳೆಯಲು ಬೆಳಗಿನ ಜಾವವೇ ಸರಿಯಾದ ಹೊತ್ತು. ಪಾವಗಡದ 2050 ಮೆಗಾವಾಟ್ ಸೌರ ಉದ್ಯಾನದಂಥ ಕಡೆಗಳಲ್ಲಿ ಸಾಲುಸಾಲಾಗಿ ನಿಂತ ಸೌರ ಫಲಕಗಳ ಮೈಯೂ ಗಾಜೇ. ಅಲ್ಲಿಯೂ ದೂಳೇ ಶತ್ರು, ಅಲ್ಲಿಯೂ ಗಡಸು ನೀರು ಕಲೆಯನ್ನೇ ಬಿಟ್ಟುಹೋಗುತ್ತದೆ.

ಆರ್.ಓ. ಶೋಧಕ ಒಂದಿಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ, ಆ ನೀರು ಇನ್ನಷ್ಟು ಸವಳು. ನೀರಿಗೆ ಬರವಿರುವ ಊರಿನಲ್ಲಿ ಇದು ಚಿಕ್ಕ ಮಾತಲ್ಲ. ಅದನ್ನು ಹೊಲಕ್ಕೆ ಬಿಡಬಾರದು. ವಾಹನದ ಗಾಲಿ, ಅಂಗಳದ ಕಲ್ಲು ತೊಳೆಯಲು ಬಳಸಬಹುದು. ಇನ್ನೊಂದು ಉಪಾಯ ನಮ್ಮ ತಲೆಯ ಮೇಲೇ ಇದೆ. ಮಳೆಯ ನೀರು ಸೂರ್ಯನೇ ಭಟ್ಟಿಯಿಳಿಸಿದ ನೀರು. ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಳಿಗೆಯ ಮೇಲೆ ಅದು 60,000 ಲೀಟರ್ ಆಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಉಳಿದುದನ್ನು ಕೂಡಿಟ್ಟುಕೊಂಡರೆ ಗಾಜು ತೊಳೆಯಲು ಅದಕ್ಕಿಂತ ಅಗ್ಗದ ಒಳ್ಳೆಯ ನೀರಿಲ್ಲ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಮೂರು ಗಾಜಿನ ಚೂರುಗಳನ್ನು ಅಂಚು ತಾಗದಂತೆ ಜೋಪಾನವಾಗಿ ತೆಗೆದುಕೊಳ್ಳಿ. ಒಂದರ ಮೇಲೆ ಕೊಳವೆಬಾವಿಯ ತಣ್ಣೀರು, ಎರಡನೆಯದರ ಮೇಲೆ ಅದೇ ನೀರನ್ನು ಕಾಯಿಸಿ, ಮೂರನೆಯದರ ಮೇಲೆ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರು, ಐದೈದು ಹನಿ ಹಾಕಿ ನೆರಳಿನಲ್ಲಿ ಆರಲು ಬಿಡಿ. ಆಮೇಲೆ ಕಪ್ಪು ಬಟ್ಟೆಯ ಮೇಲೆ ಇಟ್ಟು ನೋಡಿ. ಯಾವುದರಲ್ಲಿ ಕಲೆ ಉಳಿಯಿತು ಎಂಬುದನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ಕಿಟಕಿಯ ಗಾಜಿನ ಮಾತು ಇಷ್ಟೊಂದು ಏಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಗಾಜಿನ ಮೇಲೆ ಕಲೆ ಉಳಿದರೆ ನಷ್ಟ ಅಷ್ಟಕ್ಕಷ್ಟೇ. ಆದರೆ ಅದೇ ನೀರನ್ನು ನಾವು ಕುಡಿಯುತ್ತೇವೆ. ಲಿಂಗಸುಗೂರು ತಾಲ್ಲೂಕಿನ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದು ಮಿತಿಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ; ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ. ನೀರನ್ನು ಕುದಿಸಿ ಕೊಡುತ್ತೇವೆ, ಇನ್ನೇನು ಭಯ ಎಂದು ನಂಬಿರುವ ತಾಯಂದಿರಿದ್ದಾರೆ. ಕುದಿಸಿದರೆ ಕಾಲರಾ, ಬೇಧಿ ತರುವ ಕ್ರಿಮಿಗಳು ಸಾಯುತ್ತವೆ. ಆ ಕಾರಣಕ್ಕೆ ಕುದಿಸುವುದು ಒಳ್ಳೆಯದೇ. ಆದರೆ ಫ್ಲೋರೈಡ್ ಕ್ರಿಮಿಯಲ್ಲ, ಸಾಯುವುದಿಲ್ಲ. ಅದಕ್ಕೆ ಹಾರುವ ಶಕ್ತಿಯೂ ಇಲ್ಲ. ಕುದಿಯುವಾಗ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅಂಥ ಊರಿನಲ್ಲಿ ಬೇಕಾದದ್ದು ನೀರಿನ ಪರೀಕ್ಷೆ, ಶುದ್ಧ ನೀರಿನ ಘಟಕದ ನೀರು ಅಥವಾ ಚೆನ್ನಾಗಿ ಕಾಪಾಡಿದ ಮಳೆನೀರು.

ನಿಮ್ಮ ಮನೆಯಲ್ಲಿ ಯಾರಾದರೂ ನೀರು ಕಾಯಿಸಲು ಒಲೆಯ ಮೇಲೆ ಇಟ್ಟಾಗ ಒಂದು ಪ್ರಶ್ನೆ ಕೇಳಿ: ಈ ಉಷ್ಣದಿಂದ ಹೋಗುವುದೇನು, ಉಳಿಯುವುದೇನು? ಜಿಡ್ಡು ಹೋಗುತ್ತದೆ, ಕ್ರಿಮಿ ಹೋಗುತ್ತದೆ. ಉಪ್ಪು ಉಳಿಯುತ್ತದೆ. ಇದನ್ನು ಅಮ್ಮನಿಗೆ, ಅಜ್ಜಿಗೆ ಹಂಡೆಯನ್ನೇ ತೋರಿಸಿ ವಿವರಿಸಿ. ಅವರಿಗೆ ಅರ್ಥವಾಗದಿರದು, ದಿನವೂ ಆ ಹಂಡೆಯನ್ನು ತಿಕ್ಕಿದವರು ಅವರೇ ತಾನೇ.